ಯಾವ ಗಾಡಿ?

ಹೋದ ವಾರ ನನ್ನ ಮಗಳ ಮಗ ಮೊದಲ ಸಲ ಒಬ್ಬನೇ ಎತ್ತಿನಗಾಡಿ ಹೊಡೆದುಕೊಂಡು ಶಿವಮೊಗ್ಗೆಯಿಂದ ಭದ್ರಾವತಿಗೆ ಹೋಗಿ ಬಂದ. ಅಂದಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಎಡಮನೆಯವರಿಗೆ ಹೇಳಿದೆ, ಬಲಮನೆಯವರಿಗೆ ಹೇಳಿದೆ, ಎತ್ತನ್ನು ಕೆಡವಿ ಹಿಡಿದುಕೊಂಡಿರುವಾಗಲೇ ಲಾಳ ಕಟ್ಟುವವನಿಗೂ ಹೇಳಿದೆ.

"ಹದಿನೆಂಟು ವರ್ಷದ ಗಂಡು ಭದ್ರಾವತಿಗೆ ಹೋಗಿ ಬಂದ. ಅದ್ರಲ್ಲೇನಿದೆ ಯಜಮಾನ್ರೇ?" ಎಂದ ಅವನು.

ಅದರಲ್ಲೇನಿದೆ ಎಂದು ಹೇಳಬೇಕಾದರೆ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು. ಅಷ್ಟು ಹೊತ್ತು ಎತ್ತನ್ನು ಕೆಡವಿ ಹಿಡಿಯಲು ಆಗುವುದಿಲ್ಲ. ಹಾಗಾಗಿ ಬರೆಯಲು ಕೂತಿದ್ದೇನೆ. ಕೂಲಿಮಠದಲ್ಲಿ ಮೂರು ವರ್ಷ ಮರಳಿನ ಮೇಲೆ ಅಕ್ಷರ ತಿದ್ದಿದ್ದಷ್ಟೇ ನನ್ನ ಓದು. ಒತ್ತಕ್ಷರ ಎಲ್ಲಾದರೂ ತಪ್ಪಿದ್ದರೆ ಓದುವವರು ಸರಿಮಾಡಿಕೊಳ್ಳಬೇಕು.

ನಮ್ಮದು ಬಾಡಿಗೆ ಗಾಡಿ ಹೊಡೆಯುವ ಮನೆ. ಶಿವಮೊಗ್ಗೆಯ ಪೇಟೆಯಲ್ಲಿ ಅಕ್ಕಿ, ಬೆಲ್ಲ, ಎಣ್ಣೆ ಡಬ್ಬ ಹೇರಿಕೊಂಡು ಹೋಗಿ ಭದ್ರಾವತಿಯ ಅಂಗಡಿಗಳಿಗೆ ಇಳಿಸಬೇಕು. ಅಲ್ಲಿ ಕಬ್ಬಿಣದ ಕಾರ್ಖಾನೆ ಬಂದು ಆಗ ಹೆಚ್ಚು ವರ್ಷವಾಗಿರಲಿಲ್ಲ. ಹಳಬರ ಬಾಯಲ್ಲಿ ಆ ಊರು ಇನ್ನೂ ಬೆಂಕೀಪುರವೇ. ಜನ ಎಲ್ಲೆಲ್ಲಿಂದಲೋ ಬಂದು ಸೇರುತ್ತಿದ್ದರು, ಅವರಿಗೆಲ್ಲ ಅಕ್ಕಿ ಬೇಕು, ನಮ್ಮ ಎತ್ತುಗಳಿಗೆ ಬಿಡುವಿಲ್ಲ. ಮಾಚೇನಹಳ್ಳಿ ದಾಟಿದ ಮೇಲೆ ನಾವು ದೊಡ್ಡ ರಸ್ತೆ ಬಿಟ್ಟು ಒಂದು ಅಡ್ಡದಾರಿ ಹಿಡಿಯುತ್ತಿದ್ದೆವು. ಆ ದಾರಿಯಲ್ಲಿ ರೈಲಿನ ಹಳಿ ದಾಟಬೇಕು. ಅಲ್ಲಿ ಗೇಟಿಲ್ಲ, ಗೇಟು ಕಾಯುವವನೂ ಇಲ್ಲ. ಹಳಿ ಒಂದು ದಿಣ್ಣೆಯ ಪಕ್ಕದಲ್ಲಿ ತಿರುಗಿಕೊಂಡು ಬರುವುದರಿಂದ ರೈಲು ತೀರಾ ಹತ್ತಿರ ಬರುವವರೆಗೂ ಕಣ್ಣಿಗೆ ಬೀಳುವುದಿಲ್ಲ.

ನನಗೊಬ್ಬ ಗೆಳೆಯ. ಒಂದೇ ಕೇರಿಯವರು, ಒಟ್ಟಿಗೇ ಗಾಡಿ ಕಟ್ಟಿದವರು. ಅವತ್ತು ಹಳಿಯ ಹತ್ತಿರ ಮೂರು ಗಾಡಿಗಳಿದ್ದವು. ಎಲ್ಲಕ್ಕಿಂತ ಮುಂದೆ ಯಾರದೋ ಹುಲ್ಲಿನ ಗಾಡಿ, ಆಮೇಲೆ ನನ್ನದು, ಹಿಂದೆ ಗೆಳೆಯನದು. ನಾನು ಹಳಿ ದಾಟಿ ಆ ಕಡೆ ಇಳಿಜಾರಿನಲ್ಲಿ ನಿಂತು, ಸಡಿಲವಾಗಿದ್ದ ಹಗ್ಗ ಬಿಗಿಯುತ್ತಿದ್ದೆ. ಹುಲ್ಲಿನ ಗಾಡಿ ನನ್ನ ಮುಂದೆ ದಾರಿಗೆ ಅಡ್ಡ ನಿಂತಿದ್ದು, ಆಗತಾನೇ ಮುಂದಕ್ಕೆ ಹೋಗಿತ್ತು. ಗೆಳೆಯ ಹಿಂದಿನಿಂದ, ಹಳಿಯ ಆಚೆಯಿಂದ ಕೂಗಿದ:

"ಗಾಡಿ ಹೋಯ್ತೇನೋ?"

"ಹೋಯ್ತು, ಬಾರೋ!" ಎಂದೆ ನಾನು.

ಅವನು ಕೇಳಿದ್ದು ರೈಲುಗಾಡಿಯನ್ನು. ನಾನು ಹೇಳಿದ್ದು ಹುಲ್ಲಿನ ಗಾಡಿಯನ್ನು. ನಮ್ಮ ಬಾಯಲ್ಲಿ ಎರಡೂ ಗಾಡಿಯೇ ತಾನೆ. ಅವನು ನನ್ನ ಮಾತು ನಂಬಿ ಎತ್ತುಗಳನ್ನು ಹಳಿಯ ಮೇಲೆ ಏರಿಸಿದ. ಎತ್ತುಗಳ ಕೊರಳಲ್ಲಿ ದಪ್ಪ ದಪ್ಪ ಗಂಟೆಗಳು. ಆ ಸದ್ದಿನಲ್ಲಿ ಅವನಿಗೂ ಏನೂ ಕೇಳಿಸಲಿಲ್ಲ, ನನಗೂ ಕೇಳಿಸಲಿಲ್ಲ. ದಿಣ್ಣೆಯ ಪಕ್ಕದಿಂದ ಎಂಜಿನ್ನು ಬಂದಾಗ ಎತ್ತುಗಳು ಹಳಿ ದಾಟಿದ್ದವು, ಗಾಡಿಯ ಹಿಂಭಾಗ ದಾಟಿರಲಿಲ್ಲ.

ದೇವರು ದೊಡ್ಡವನು, ಗೆಳೆಯ ಉಳಿದ. ಎತ್ತುಗಳೂ ನೊಗ ಮುರಿದುಕೊಂಡು ಉಳಿದವು. ಬೆಲ್ಲದ ಉಂಡೆಗಳು ಹಳಿಯುದ್ದಕ್ಕೂ ಉರುಳಿದ್ದವು. ಆದರೆ ಅವನ ಬಲಗಾಲಿನ ಮಂಡಿ ಮತ್ತೆ ಮಡಚಲೇ ಇಲ್ಲ. ಮಡಚದ ಕಾಲಿನಲ್ಲಿ ಮತ್ತೆ ಗಾಡಿ ಏರುವುದು ಹೇಗೆ? ಅವನು ಎತ್ತುಗಳನ್ನು ಮಾರಿ, ಆ ಹಳಿಯ ಹತ್ತಿರವೇ ಅಡಿಕೆ ಸೋಗೆ ಹೊದಿಸಿ ಒಂದು ಅಂಗಡಿ ಇಟ್ಟ. ಮಜ್ಜಿಗೆ, ಬೀಡಿ, ಬೆಂಕಿಪೊಟ್ಟಣ, ಎತ್ತುಗಳಿಗೆ ಒಂದು ತೊಟ್ಟಿ ನೀರು.

"ಬೇರೆ ಜಾಗ ಸಿಗ್ಲಿಲ್ವೇನೋ ನಿಂಗೆ?" ಎಂದು ನಾನು ಕೇಳಿದ್ದೆ.

"ಕಾಲು ಇಲ್ಲೇ ಬಿಟ್ಟಿದ್ದೀನಲ್ಲ ಮಾರಾಯ, ಕಾವಲು ಬೇಡ್ವಾ?" ಎಂದು ನಕ್ಕಿದ್ದ.

'ನಿನ್ನ ಮಾತು ಕೇಳಿ ಹೀಗಾಯಿತು' ಎಂದು ಅವನು ಒಂದು ದಿನವೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ.

ಆಮೇಲೆ ನಮ್ಮ ಕೇರಿಯಲ್ಲಿ ಯಾವ ಹುಡುಗ ಹೊಸದಾಗಿ ಗಾಡಿ ಹತ್ತಿದರೂ, ಅವನನ್ನು ಆ ಹಳಿಯ ಹತ್ತಿರಕ್ಕೆ ಮೊದಲು ನಾನೇ ಕರೆದುಕೊಂಡು ಹೋಗುತ್ತಿದ್ದೆ. ಯಾರೂ ನನಗೆ ಹೇಳಿದ ಕೆಲಸವಲ್ಲ. ಹಳಿಗೆ ಹತ್ತು ಮಾರು ದೂರದಲ್ಲೇ ನಿಲ್ಲಿಸು. ಕೆಳಗೆ ಇಳಿ. ಎತ್ತುಗಳ ಮುಂದೆ ನಿಂತು ಎರಡು ಕೈಯಲ್ಲಿ ಎರಡು ಗಂಟೆಗಳನ್ನೂ ಹಿಡಿ, ಒಳಗಿನ ನಾಲಿಗೆ ಅಲ್ಲಾಡದ ಹಾಗೆ. ಹತ್ತು ಸಲ ಉಸಿರಾಡುವವರೆಗೆ ಸುಮ್ಮನೆ ಕೇಳು. ಆಮೇಲೆ ಎತ್ತುಗಳನ್ನು ಅಲ್ಲೇ ಬಿಟ್ಟು ಹಳಿಯವರೆಗೆ ಹೋಗಿ ಎರಡೂ ಕಡೆ ನೋಡು. ಕೆಲವರು ಜಂಬಕ್ಕೆ ಹಳಿಗೆ ಕಿವಿ ಇಡುತ್ತಿದ್ದರು. ಅದು ಬೇಡ, ಕಿವಿ ಹಳಿಯ ಮೇಲಿದ್ದರೆ ಕಣ್ಣು ನೆಲ ನೋಡುತ್ತದೆ ಎನ್ನುತ್ತಿದ್ದೆ. ಮೂಗುದಾರ ಹಿಡಿದು ನಡೆಸಿಕೊಂಡೇ ದಾಟಿಸು. ಮುಂದಿನ ಗಾಡಿ ಪೂರಾ ಇಳಿಯುವವರೆಗೆ ನೀನು ಏರಬೇಡ.

ಕೊನೆಯದಾಗಿ ಒಂದು ಮಾತು ಕಲಿಸುತ್ತಿದ್ದೆ. ಹಳಿಯ ಹತ್ತಿರ ಯಾರಾದರೂ 'ಗಾಡಿ ಹೋಯ್ತಾ' ಎಂದರೆ, 'ಯಾವ ಗಾಡಿ?' ಎಂದು ಕೇಳಬೇಕು. 'ರೈಲು' ಎಂದು ಅವನ ಬಾಯಲ್ಲಿ ಬರುವವರೆಗೆ ಹೂಂ ಅನ್ನಬಾರದು, ಊಹೂಂ ಅನ್ನಲೂಬಾರದು. ರೈಲು ಹೋಯಿತು ಎಂದು ಬೇರೆಯವನು ಹೇಳಿದರೂ ನಿನ್ನ ಕಣ್ಣಿಂದ ನೋಡದೆ ಎತ್ತು ಏರಿಸಬಾರದು.

ಹುಡುಗರು ನಗುತ್ತಿದ್ದರು. ಗಂಟೆ ಹಿಡಿದು ನಿಂತವನನ್ನು ಕಂಡರೆ ಹಿಂದಿನ ಗಾಡಿಯವರು, "ಭಟ್ರೇ, ಮಂಗಳಾರತಿ ಆಯ್ತಾ? ತೀರ್ಥ ಕೊಡ್ತೀರಾ?" ಎನ್ನುತ್ತಿದ್ದರು. ನಗಲಿ. ಆ ಹುಡುಗರಲ್ಲಿ ಮೊದಮೊದಲಿನವರಿಗೆ ಈಗ ಮೀಸೆ ನೆರೆಯತೊಡಗಿದೆ. ಎಲ್ಲರ ಮಂಡಿಯೂ ಮಡಚುತ್ತದೆ.

ಇನ್ನು ನನ್ನ ಮೊಮ್ಮಗ. ಅವನ ಕೈ ಎತ್ತುಗಳಿಗೆ ಬಹಳ ಬೇಗ ಒಗ್ಗಿತು. ಎರಡು ತಿಂಗಳಲ್ಲಿ ಹೇರು ಹೇರುವುದು, ಹಗ್ಗ ಬಿಗಿಯುವುದು, ಅಚ್ಚಿಗೆ ಎಣ್ಣೆ ಹಾಕುವುದು ಎಲ್ಲ ಬಂತು. ಬಾರದೆ ಇದ್ದದ್ದು ಗಂಟೆ ಹಿಡಿಯುವುದೊಂದೇ. ಬರುವುದಿಲ್ಲವೆಂದಲ್ಲ, ನಾಚಿಕೆ. ಅವನ ಅಜ್ಜಿ ಪ್ರೀತಿಯಿಂದ ಕೊಡಿಸಿದ ಹಿತ್ತಾಳೆ ಗಂಟೆಗಳು ಅವು. ಪೇಟೆಯಲ್ಲಿ ಅವನು ಬರುತ್ತಿದ್ದಾನೆಂದು ಸದ್ದಿನಿಂದಲೇ ಗೊತ್ತಾಗಬೇಕು. ಅಂಥ ಗಂಟೆಯನ್ನು ಓರಗೆಯವರ ಎದುರಿಗೆ ಹಿಡಿದು ನಿಂತು ಭಟ್ಟ ಅನ್ನಿಸಿಕೊಳ್ಳುವುದು ಅವನಿಗೆ ಬೇಡವಾಗಿತ್ತು.

ಒಂದು ದಿನ ನಾನು ಗಾಡಿಯ ಹಿಂದೆ ಮೂಟೆಗಳ ಮೇಲೆ ಮುಖಕ್ಕೆ ಟವಲು ಹಾಕಿಕೊಂಡು ಮಲಗಿದ್ದೆ. ನಿದ್ದೆ ಬಂದಿರಲಿಲ್ಲ. ಹಳಿ ಬಂತು. ಇವನು ಇಳಿಯಲಿಲ್ಲ. ಹಾಡು ಗುನುಗುತ್ತ ಹಾಗೇ ದಾಟಿಸಿಬಿಟ್ಟ. ಆ ಕಡೆ ಇಳಿದ ಮೇಲೆ ನಾನು ಎದ್ದು ಕೂತೆ.

"ಇಳಿಲಿಲ್ಲ ನೀನು."

"ಈ ಹೊತ್ನಲ್ಲಿ ಯಾವ ರೈಲೂ ಇಲ್ಲ ಅಜ್ಜ."

"ನಿಂಗೆ ಹೇಳಿ ಹೋಗಿತ್ತಾ?"

ಯುದ್ಧದ ದಿನಗಳು. ಗೂಡ್ಸು ರೈಲುಗಳು ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಿದ್ದವು. ಅದು ಅವನಿಗೂ ಗೊತ್ತು. 'ನೀನು ಒಬ್ಬನೇ ಹೋಗುವುದು ಇನ್ನು ಆರು ತಿಂಗಳು ಇಲ್ಲ' ಎಂದೆ. ಮನೆಗೆ ಬಂದು ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ನಾನಿರುವಾಗ ಆಮೇಲೆ ತಪ್ಪದೆ ಇಳಿಯುತ್ತಿದ್ದ, ಗಂಟೆ ಹಿಡಿಯುತ್ತಿದ್ದ. ನನಗೆ ಬೇಕಾದದ್ದು ಅದಲ್ಲ. ನಾನಿಲ್ಲದಾಗ ಇಳಿಯುತ್ತಾನೆಯೇ? ಅದೊಂದೇ ನನ್ನನ್ನು ಕೊರೆಯುತ್ತಿದ್ದದ್ದು. ನಾನು ಸತ್ತ ಮೇಲೂ ಆ ಹಳಿ ಅಲ್ಲೇ ಇರುತ್ತದೆ.

ಹೋದ ವಾರ ನನ್ನ ಸೊಂಟ ಹಿಡಿದುಕೊಂಡಿತು. ಏಳಲಾರೆ. ಅಕ್ಕಿ ಹೇರಿಯಾಗಿದೆ, ಭದ್ರಾವತಿಯ ಅಂಗಡಿಯವರು ಕಾಯುತ್ತಿದ್ದಾರೆ. ಇವಳು, ಅಂದರೆ ನನ್ನ ಹೆಂಡತಿ, "ಕಳ್ಸಿ ಅಂದ್ರೆ. ಎಷ್ಟು ದಿನ ಮೂಟೆ ಮೇಲೆ ಮಲಗಿ ಕಾಯ್ತೀರಿ ನೀವು?" ಎಂದಳು. ಕಳಿಸಿದೆ. ಹಳಿಯ ಹತ್ತಿರದ ಗೆಳೆಯನಿಗೆ ಸ್ವಲ್ಪ ನೋಡಿಕೋ ಎಂದು ಹೇಳಿ ಕಳಿಸೋಣ ಅನ್ನಿಸಿತು. ಹೇಳಿ ಕಳಿಸಲಿಲ್ಲ. ಯಾರೋ ನೋಡುತ್ತಾರೆಂದು ಇಳಿದರೆ ಏನು ಬಂತು?

ಆ ಹಗಲು, ಮಾರನೆಯ ಹಗಲು, ಎರಡೂ ಜಗುಲಿಯ ಮೇಲೆ ಕಳೆದೆ. ಸಂಜೆ ಗಂಟೆಯ ಸದ್ದು ಬೀದಿಯ ತುದಿಯಲ್ಲಿ ಕೇಳಿಸಿದಾಗ ಸೊಂಟದ ನೋವು ಎಲ್ಲಿ ಹೋಯಿತೋ.

"ಲೈನ್ ಹತ್ರ ಇಳಿದ್ಯಾ?"

"ಇಳಿದೆ ಅಜ್ಜ."

ಅಷ್ಟೇ. ಎತ್ತುಗಳನ್ನು ಬಿಚ್ಚಲು ಹೋದ. ಇಳಿಯದೆ ಇದ್ದರೂ ಅವನು ಅದನ್ನೇ ಹೇಳುತ್ತಿದ್ದ ಎಂದು ನನ್ನ ಮನಸ್ಸು ಹೇಳಿತು. ಇನ್ನೊಂದು ಸಲ ಕೇಳಿದರೆ ನಂಬಿಕೆಯಿಲ್ಲ ಎಂದಾಗುತ್ತದೆ. ಒಳಗೆ ಹೋದೆ.

ಮಾರನೆಯ ದಿನ ಬೆಳಿಗ್ಗೆ ಮೊಮ್ಮಗ ಎತ್ತುಗಳ ಮೈ ತೊಳೆಯಲು ತುಂಗೆಗೆ ಹೋಗಿದ್ದ. ಬಾಗಿಲಲ್ಲಿ ಕೋಲಿನ ಸದ್ದಾಯಿತು. ನೋಡಿದರೆ ನನ್ನ ಗೆಳೆಯ! ಆ ಕಾಲು ಎಳೆದುಕೊಂಡು ಬಸ್ಸು ಹತ್ತಿ ಶಿವಮೊಗ್ಗೆಗೆ ಬಂದಿದ್ದಾನೆ. ಎಷ್ಟು ವರ್ಷವಾಗಿತ್ತೋ ಅವನು ಊರಿಗೆ ಬಂದು.

"ಏನೋ ಇದು? ಅಂಗಡಿ?"

"ಮೊನ್ನೆಯಿಂದ ಬಾಗ್ಲು ಹಾಕಿದ್ದೀನಿ, ಜ್ವರ. ಅದಿರ್ಲಿ. ನಿನ್ ಮೊಮ್ಮಗ ಏನ್ ಮಾಡ್ದ ಗೊತ್ತಾ ಮಾರಾಯ?"

ನಾನು ಸೊಂಟ ಹಿಡಿದುಕೊಂಡೇ ಎದ್ದು ನಿಂತೆ.

"ಕೂತ್ಕೋ, ಹೇಳ್ತೀನಿ," ಎಂದು ಅವನು ಆ ನೇರ ಕಾಲನ್ನು ಜಗುಲಿಯ ಮೇಲೆ ಚಾಚಿಕೊಂಡು ಶುರುಮಾಡಿದ. ಇವಳೂ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

ಅಂಗಡಿಯ ಬಾಗಿಲು ಹಾಕಿತ್ತು. ಗೆಳೆಯ ಹಿಂದುಗಡೆ ಬಿಸಿಲಿಗೆ ಕಂಬಳಿ ಹೊದ್ದು ಕೂತಿದ್ದ. ಬೇಲಿಯ ಸಂದಿನಿಂದ ಅವನಿಗೆ ಹಳಿ ಕಾಣುತ್ತದೆ, ಹಳಿಯ ಹತ್ತಿರದವರಿಗೆ ಅವನು ಕಾಣುವುದಿಲ್ಲ. ಮೊಮ್ಮಗನ ಗಾಡಿ ಬಂತು. ಸುತ್ತಮುತ್ತ ಒಬ್ಬರೂ ಇಲ್ಲ. ಇವನು ಹತ್ತು ಮಾರು ದೂರದಲ್ಲಿ ನಿಲ್ಲಿಸಿದ. ಇಳಿದ. ಎರಡು ಗಂಟೆಗಳನ್ನೂ ಹಿಡಿದು ನಿಂತ. ಅಷ್ಟರಲ್ಲಿ ಹಿಂದಿನಿಂದ ಇದ್ದಿಲು ಗ್ಯಾಸಿನ ಲಾರಿಯೊಂದು ಬಂತು. ಪೆಟ್ರೋಲು ಸಿಗದ ಈ ಕಾಲದಲ್ಲಿ ಇದ್ದಿಲು ಸುಟ್ಟು ಓಡಿಸುತ್ತಾರಲ್ಲ, ಅಂಥದ್ದು. ಅದರ ಡ್ರೈವರಿಗೂ ಇವನದೇ ವಯಸ್ಸು. ಭೋಂ ಭೋಂ ಎಂದು ಹಾರನ್ ಒತ್ತಿದ.

ಮುಂದಿನದನ್ನು ಗೆಳೆಯ ಇಬ್ಬರ ದನಿಯಲ್ಲೂ ಆಡಿ ತೋರಿಸಿದ.

"ಏಯ್, ಗಾಡಿ ಹೋಯ್ತೇನೋ?"

"ಯಾವ ಗಾಡಿ ಅಣ್ಣಾ?"

"ನಿನ್ ತಲೆ ಗಾಡಿ! ಹೋಯ್ತಾ ಅಂದ್ರೆ ಹೋಯ್ತು ಅನ್ನು, ಇಲ್ಲ ಅಂದ್ರೆ ಇಲ್ಲ ಅನ್ನು!"

"ಯಾವ ಗಾಡಿ ಹೇಳಣ್ಣ, ಆಮೇಲೆ ಹೇಳ್ತೀನಿ."

"ರೈಲು ಕಣೋ, ರೈಲು! ರೈಲು ಹೋಯ್ತಾ?"

"ಗೊತ್ತಿಲ್ಲ. ಕೇಳ್ತಾ ಇದ್ದೀನಿ. ನೀನು ಎಂಜಿನ್ ಆಫ್ ಮಾಡಣ್ಣ, ಏನೂ ಕೇಳ್ಸಲ್ಲ."

"ಆಫ್ ಮಾಡಿದ್ರೆ ಮತ್ತೆ ಇದನ್ನ ಹಚ್ಚೋಕೆ ನಿಮ್ಮಜ್ಜ ಬರ್ತಾನೇನೋ?"

"ಬರ್ತಾರೆ. ಹೇಳಿ ಕಳಿಸ್ತೀನಿ."

ಇವಳು ಸೌಟು ಕೆಳಗಿಟ್ಟು ನಗಲು ಶುರುಮಾಡಿದಳು. ಸೊಂಟ ಹಿಡಿದ ಅಜ್ಜ ಲಾರಿ ಹಚ್ಚಲು ಹೋಗುವುದನ್ನು ನೆನೆಸಿಕೊಂಡಳೋ ಏನೋ.

"ಆಮೇಲೆ?" ಎಂದೆ ನಾನು.

"ಆಮೇಲೇನು. ಇವ್ನು ಗಂಟೆ ಬಿಡ್ಲಿಲ್ಲ, ಅವ್ನು ಹಾರನ್ ಬಿಡ್ಲಿಲ್ಲ. ಕೊನೆಗೆ ಇವ್ನೇ ಹೋಗಿ ಲಾರಿ ಮುಂದೆ ನಿಂತ. 'ಆಫ್ ಮಾಡ್ಬೇಡ ಹೋಗ್ಲಿ, ಇಳಿದು ಬಂದು ನೋಡು. ಇಲ್ಲಿ ಒಬ್ರು ಬೇರೆಯವ್ರ ಮಾತು ಕೇಳಿ ಕಾಲು ಕಳ್ಕೊಂಡಿದ್ದಾರೆ' ಅಂದ. ಆ ಡ್ರೈವರು ಬೈಕೊಂಡು ಬೈಕೊಂಡೇ ಇಳಿದ. ಇಬ್ರೂ ಹಳಿ ಹತ್ರ ಹೋಗಿ ಆ ಕಡೆ ನೋಡಿದ್ರು, ಈ ಕಡೆ ನೋಡಿದ್ರು."

"ರೈಲು ಬಂತಾ?"

"ಎಲ್ಲಿ ಬಂತು! ಒಂದು ಎಮ್ಮೆ ನಿಂತಿತ್ತು."

ರೈಲು ಬರಲಿಲ್ಲ. ಅದನ್ನು ಕೇಳಿದಾಗಲೇ ನನ್ನ ಸಂತೋಷ ಉಕ್ಕಿ ಬಂದದ್ದು. ರೈಲು ಬಂದಿದ್ದರೆ ಯಾರಾದರೂ ನಿಲ್ಲುತ್ತಾರೆ. ಬರದ ರೈಲಿಗೆ, ನೋಡುವವರಿಲ್ಲದ ಜಾಗದಲ್ಲಿ, ಬೈಗುಳ ತಿಂದುಕೊಂಡು ನನ್ನ ಮೊಮ್ಮಗ ನಿಂತ. ಗಂಟೆ ಹಿಡಿಯಲು ನಾಚುತ್ತಿದ್ದ ಹುಡುಗ ಲಾರಿಯವನನ್ನೂ ಇಳಿಸಿದ. ನನ್ನ ಕಣ್ಣಲ್ಲಿ ನೀರು ಬಂತು. ಇದನ್ನು ಹೇಳುವುದಕ್ಕೆಂದೇ ಗೆಳೆಯ ಜ್ವರದಲ್ಲಿ ಬಸ್ಸು ಹತ್ತಿ ಬಂದಿದ್ದ.

ಇವಳು ಒಗ್ಗರಣೆ ಅವಲಕ್ಕಿ, ಕಾಫಿ ತಂದಿಟ್ಟು ಒಳಗೆ ಹೋದಳು. ಗೆಳೆಯ ತಿನ್ನುತ್ತ ತಿನ್ನುತ್ತ ತಟ್ಟೆ ನೋಡಿಕೊಂಡೇ ಹೇಳಿದ:

"ಅವತ್ತು ನಾನು 'ರೈಲು' ಅಂತ ಬಾಯಿಬಿಟ್ಟು ಕೇಳ್ಬೇಕಿತ್ತು ಮಾರಾಯ. ಸುಮ್ನೆ 'ಗಾಡಿ' ಅಂದೆ. ನಿಂದೊಬ್ಬನದೇ ತಪ್ಪಲ್ಲ ಅದು."

ಇಪ್ಪತ್ತು ವರ್ಷದಲ್ಲಿ ಆ ವಿಷಯ ಅವನು ಎತ್ತಿದ್ದು ಅದೇ ಮೊದಲು. "ಇನ್ನೊಂಚೂರು ಹಾಕ್ಲಾ?" ಎಂದೆ. ಹಾಕು ಎಂದ.

ಮಧ್ಯಾಹ್ನ ಅವನನ್ನು ಬಸ್ಸು ಹತ್ತಿಸಲು ಹೊರಟೆವು. ಅವನದು ಒಂದು ಕೋಲು, ನನ್ನ ಸೊಂಟಕ್ಕೆ ಇನ್ನೊಂದು ಕೋಲು. ನಡುವೆ ಮೊಮ್ಮಗ, ಇಬ್ಬರಿಗೂ ಕೈ ಕೊಟ್ಟುಕೊಂಡು. ಬಸ್ಸು ನಿಲ್ಲುವ ಜಾಗದಲ್ಲಿ ಬುಟ್ಟಿ ಇಟ್ಟುಕೊಂಡು ಒಬ್ಬಾಕೆ ಕೂತಿದ್ದಳು. ನಾನೇ ಮುಂದಾಗಿ ಕೇಳಿದೆ:

"ಭದ್ರಾವತಿ ಗಾಡಿ ಹೋಯ್ತೇನಮ್ಮ?"

"ಈಗ ಹೋಯ್ತಲ್ಲ ಯಜಮಾನ್ರೇ," ಎಂದಳು.

ಗೆಳೆಯ ನನ್ನ ಮುಖ ನೋಡಿದ. ನಾನು ಮೊಮ್ಮಗನ ಮುಖ ನೋಡಿದೆ. ಅವನು ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದ. ಆಮೇಲೆ ಬಗ್ಗಿ ಆಕೆಯನ್ನು ಬಹಳ ಮರ್ಯಾದೆಯಿಂದ ಕೇಳಿದ:

"ಯಾವ ಗಾಡಿ ಅಕ್ಕಾ?"

ಹೋದದ್ದು ಹುಲ್ಲಿನ ಗಾಡಿ. ಬಸ್ಸು ಇನ್ನೂ ಬಂದಿರಲಿಲ್ಲ.