ರಂಜಕಕ್ಕೆ ಹೆಸರಿಟ್ಟ ದಿನ

ನನ್ನ ಮೊಮ್ಮಗಳ ಮದುವೆ ನಿಕ್ಕಿಯಾಯಿತು. ಹುಡುಗ ಮೇಡ್ಲೇರಿಯವನು, ರಾಣೇಬೆನ್ನೂರಿನಲ್ಲಿ ಖಾನಾವಳಿ ಇಟ್ಟಿದ್ದಾನೆ, ಮೊಮ್ಮಗಳೇ ಮೆಚ್ಚಿದ್ದಾಳೆ. ಖುಷಿಗೆ ಬರೆಯುವ ಕೈ ನಿಲ್ಲುತ್ತಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು; ಅಕ್ಷರ ಸೊಟ್ಟಗಾದರೂ ಸುದ್ದಿ ನೆಟ್ಟಗಿದೆ. ಆದರೆ ಆ ಮದುವೆ ನನ್ನ ಬಾಯಿಂದಲೇ ಮುರಿಯುತ್ತಿತ್ತು ಎಂಬುದು ನೆನಪಾದರೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ನಮ್ಮದು ಬ್ಯಾಡಗಿ. ಹಣ್ಣು ಮೆಣಸಿನಕಾಯಿಗೆ ಬೆಳ್ಳುಳ್ಳಿ, ಉಪ್ಪು, ಲಿಂಬೆಹುಳಿ ಹಾಕಿ ರುಬ್ಬುವ ರಂಜಕವನ್ನು ಓಣಿಯಲ್ಲಿ ಯಾರು ಮಾಡಿದರೂ ಮೊದಲ ಚೂರು ನನ್ನ ಅಂಗೈಗೆ ಬರುತ್ತದೆ. ನೀರು ಬಿಟ್ಟಿದೆಯೇ ನೋಡುತ್ತೇನೆ, ಮೂಸುತ್ತೇನೆ, ಆಮೇಲೆ ನಾಲಿಗೆಗೆ. ನಾನು ಹೂಂ ಅಂದರೆ ಭರಣಿಗೆ ಹೋಗುತ್ತದೆ. ಆ ದೊಡ್ಡಸ್ತಿಕೆಯನ್ನು, ಮಗ ಮತ್ತು ಮೊಮ್ಮಗಳ ಜೊತೆ ಮೇಡ್ಲೇರಿಗೆ ಹುಡುಗನ ಮನೆ ನೋಡಲು ಹೋದಾಗಲೂ ಹೊತ್ತುಕೊಂಡೇ ಹೋದೆ.

ಅವನ ತಾಯಿ ರೊಟ್ಟಿ, ಎಣ್ಣೆಗಾಯಿ, ಬಟ್ಟಲಲ್ಲಿ ರಂಜಕ ತಂದಿಟ್ಟರು. ಬೆರಳಿಗೆ ಹಚ್ಚಿ ನೆಕ್ಕಿದೆ. ನಾಲಿಗೆಗೆ ಏನೂ ಹತ್ತಲಿಲ್ಲ.

“ಬಣ್ಣ ಅಷ್ಟ ಐತ್ರಿ. ಉಪ್ಪಿಲ್ಲ, ಹುಳಿ ಇಲ್ಲ. ಮಾಡಿದಾಕಿಗೆ ಕೈಗುಣ ಇಲ್ಲ,” ಅಂದೆ. ನನ್ನನ್ನು ಯಾರೂ ಕೇಳಿರಲಿಲ್ಲ.

“ಮಾಡಿದಾಕಿ ಅಲ್ರಿ ಅಜ್ಜಿ, ಮಾಡಿದಾವ,” ಅಂದ ಹುಡುಗ ಮೆಲ್ಲಗೆ. “ನಾನ ರುಬ್ಬೇನಿ. ಖಾನಾವಳ್ಯಾಗೂ ಇದನ್ನ ಬಡಸ್ತೇನ್ರಿ.”

ಅವನ ತಾಯಿ ಬಟ್ಟಲನ್ನು ತಮ್ಮತ್ತ ಸರಿಸಿಕೊಂಡರು. “ಮೆಣಸಿನಕಾಯಿ ಪ್ಯಾಟಿಯವ್ರ ಬಾಯಿಗೆ ನಮ್ಮದೆಲ್ಲಿ ಹಿಡಸ್ತೈತ್ರಿ.”

ಹುಡುಗನ ತಂದೆ ಎದ್ದು, ಬ್ಯಾಡಗಿ ಕಡೆಗೆ ಬಸ್ಸು ಎಷ್ಟು ಗಂಟೆಗಿದೆ ಎಂದು ಹೊರಗೆ ಯಾರನ್ನೋ ಕೇಳತೊಡಗಿದರು. ಅಂದರೆ, ಇನ್ನು ನೀವು ಹೊರಡಿ.

ನನ್ನ ಮಗ ಕಿವಿಯ ಹತ್ತಿರ ಬಂದ. “ಯವ್ವಾ, ನೀ ರಂಜಕ ನೋಡಾಕ ಬಂದಿಯೋ, ವರ ನೋಡಾಕೋ?”

ಅಷ್ಟರಲ್ಲಿ ಮೊಮ್ಮಗಳು ಬಟ್ಟಲನ್ನು ಎಳೆದುಕೊಂಡು, ರೊಟ್ಟಿ ಮುರಿದು ಅದ್ದಿ ತಿಂದಳು.

“ಉಪ್ಪು ಹದಕ್ಕ ಐತಿ. ಹುಳಿನೂ ಐತಿ. ಅಜ್ಜಿ, ನಾಲಿಗಿ ತೆಗಿ, ನೋಡೂಣು.”

“ಮಂದ್ಯಾಗ ಏನವ್ವಾ ಇದು?”

“ತೆಗಿ ಅಂದ್ರ ತೆಗಿ.”

ಡಾಕ್ಟರ ಮುಂದೆ ಕೂತ ಕೂಸಿನಂತೆ, ಬೀಗರಾಗುವವರ ಮುಂದೆ ನಾಲಿಗೆ ಚಾಚಿದೆ.

“ನೋಡ್ರಿ, ಬೆಳ್ಳಗ ಸುಟ್ಟೈತಿ. ಬಸ್ಸಿನ್ಯಾಗ ಎಲಿಗೆ ಸುಣ್ಣ ಮೆತ್ಗೊಂಡು ತಿಂದಾಳ. ಈಗ ಈಕಿಗೆ ಬೆಲ್ಲ ಕೊಟ್ರೂ ಸಪ್ಪಗ ಅಂತಾಳ.”

ಖರೇ ಮಾತು. ದಾರಿಯಲ್ಲೇ ಬಾಯಿ ಉರಿದಿತ್ತು. ಅದು ಗೊತ್ತಿದ್ದೂ ತೀರ್ಪು ಕೊಟ್ಟೆನಲ್ಲ, ಅದೇ ನಾಚಿಕೆ. ಇವತ್ತು ನನಗೆ ರುಚಿ ತಿಳಿಯುತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ದುಡಿಯುವ ಹುಡುಗನ ಕೈಗೆ ಹೆಸರಿಡಲು ಬಂತು.

“ತಪ್ಪಾತಪ್ಪಾ,” ಅಂದೆ, ನೆಲ ನೋಡುತ್ತ.

“ಇರ್ಲಿ ಬಿಡ್ರಿ ಅಜ್ಜಿ. ಗಿರಾಕಿ ಇದಕ್ಕಿಂತ ಜೋರು ಬೈತಾರ.”

ಮೊಮ್ಮಗಳು ಅವನತ್ತ ತಿರುಗಿದಳು. “ಮೆಂತ್ಯೆ ಹುರದು ಹಾಕೀರೇನ್ರಿ?”

“ಹೂಂ. ಗೊತ್ತಾತೇನ?”

ಆಮೇಲೆ ಅವರಿಬ್ಬರ ಮಾತು ನಿಲ್ಲಲಿಲ್ಲ. ಹೊರಗಿದ್ದ ಅವನ ತಂದೆ ಒಳಗೆ ಬಂದು ಕೂತರು. ಬಸ್ಸಿನ ಸುದ್ದಿ ಮತ್ತೆ ಎತ್ತಲಿಲ್ಲ. ಮಗ ಮೊಮ್ಮಗಳ ಮುಖ ನೋಡಿದ, ಅವಳು ಹೂಂ ಎಂದು ತಲೆಯಾಡಿಸಿದಳು.

ಆ ಸಂಜೆ ಬೀಗರು ನಮ್ಮನ್ನು ಬಿಡಲಿಲ್ಲ. ಎರಡೂ ಮನೆಯವರು ಪಡಸಾಲೆಯಲ್ಲಿ ಸಾಲಾಗಿ ಊಟಕ್ಕೆ ಕೂತೆವು. ಹುಡುಗನೇ ಬಡಿಸಿದ. ನನ್ನ ತಾಟಿನ ಮುಂದೆ ಬಗ್ಗಿ, “ಅಜ್ಜಿ, ನಿಮಗ ಬ್ಯಾರೆ ಉಪ್ಪು ಇಡ್ಲೇನ್ರಿ?” ಎಂದ. ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸಿಕೊಂಡೇ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.