ಕೋಳಿಯ ಬೆನ್ನಿನ ಎತ್ತರ

ಓಣಿಯವರೆಲ್ಲ ಆಕೆಯನ್ನು ತೂಕದಮ್ಮ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷಗಳಿಂದ ಬ್ರಾಯ್ಲರ್ ಕೋಳಿ ಸಾಕುತ್ತಿದ್ದ ಆಕೆ, ವಾರಕ್ಕೊಮ್ಮೆ ಐವತ್ತು ಕೋಳಿಗಳನ್ನಾದರೂ ಹಿಡಿದು ತಕ್ಕಡಿಗೆ ಹಾಕದೆ ಬಿಟ್ಟವಳಲ್ಲ. ಅಂಥವಳಿಗೂ ಈ ಸಲ ತಲೆಬುಡ ತಿಳಿಯದಾಯಿತು. ಎರಡು ಸಾವಿರ ಕೋಳಿಗೆ ನಾಲ್ಕು ಚೀಲ ಸಾಕಾಗುವಲ್ಲಿ ದಿನಕ್ಕೆ ಐದು ಚೀಲ ಫೀಡ್ ಖಾಲಿಯಾಗುತ್ತಿತ್ತು. ತೂಕ ಮಾತ್ರ ಕೋಳಿಯೊಂದಕ್ಕೆ ನೂರು ಗ್ರಾಂ ಕಡಿಮೆ.

ಮರಿ ಕೊಡುವ ಕಂಪನಿಯ ಸೂಪರ್‌ವೈಸರ್ ಶೆಡ್ಡಿನ ಬಾಗಿಲಲ್ಲೇ ನಿಂತು ಹೇಳಿದ: "ಅಮ್ಮಾ, ಹೋದ ಬ್ಯಾಚೂ ಹೀಗೇ ಆಯ್ತು. ಮುಂದಿನ ವಾರನೂ ತೂಕ ಬರ್ಲಿಲ್ಲ ಅಂದ್ರೆ ನಿಮ್ಮ ಶೆಡ್ಡಿಗೆ ಮರಿ ಹಾಕೋದು ನಿಲ್ಲಿಸ್ತಾರೆ."

ತೂಕದಮ್ಮ ಫೀಡನ್ನು ಮೂಸಿದಳು, ಹಲ್ಲಲ್ಲಿ ಕಡಿದು ನೋಡಿದಳು, ನೀರಿನ ತೊಟ್ಟಿ ತೊಳೆದಳು. ಕೊನೆಗೆ ತಕ್ಕಡಿಯನ್ನೇ ಅನುಮಾನಿಸಿ ಅದರ ಮೇಲೆ ತಾನೇ ಹತ್ತಿದಳು. ಅದು ತೋರಿಸಿದ್ದನ್ನು ಯಾರಿಗೂ ಹೇಳಲಿಲ್ಲ.

"ಇಲಿ ತಿಂತಿರ್ಬೇಕು ಕಣೆ" ಎಂದ ಗಂಡ.

"ದಿನಕ್ಕೊಂದು ಚೀಲ ತಿನ್ನೋ ಇಲಿ ಇದ್ರೆ, ಕೋಳಿ ಬಿಟ್ಟು ಅದನ್ನೇ ಸಾಕೋಣ ಬಿಡಿ!"

ಮರುದಿನ ಮಧ್ಯಾಹ್ನ, ಮರೆತ ಬೀಗದ ಕೈಗಾಗಿ ಹೊತ್ತಲ್ಲದ ಹೊತ್ತಿನಲ್ಲಿ ಶೆಡ್ಡಿಗೆ ಹೋದಾಗ, ಹೋದ ಬ್ಯಾಚಿನ ಹೊತ್ತಿಗೆ ಇವರ ಜೊತೆ ಇರಲು ಬಂದಿದ್ದ ಅತ್ತೆ ಸ್ಟೂಲಿನ ಮೇಲೆ ನಿಂತು, ಫೀಡ್ ತುಂಬಿಡುವ ಫೀಡರುಗಳನ್ನು ತೂಗುಹಾಕಿದ್ದ ಹಗ್ಗವನ್ನು ಸಡಿಲಿಸುತ್ತಿದ್ದರು.

"ಅತ್ತೆ! ಏನಿದು?"

"ಕತ್ತು ನೀಕಿ ನೀಕಿ ತಿಂತಾವೆ, ಪಾಪ, ನೋಡೋಕಾಗಲ್ಲ. ದಿನಾ ಇಳಿಸ್ತೀನಿ. ನಿಂಗೆ ಬೇಜಾರಾಗ್ಬಾರ್ದು ಅಂತ ಸಂಜೆ ಮತ್ತೆ ಏರಿಸಿಡ್ತೀನಲ್ಲ!"

ತೂಕದಮ್ಮ ಕುಕ್ಕರಗಾಲಲ್ಲಿ ಕೂತು ನೆಲಕ್ಕೆ ಹಾಸಿದ್ದ ಮರದ ಹೊಟ್ಟನ್ನು ಕೆದಕಿದಳು. ಬೊಗಸೆ ತುಂಬ ಫೀಡ್ ಬಂತು.

"ಫೀಡರಿನ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕಿರ್ಬೇಕು ಅತ್ತೆ. ತಗ್ಗಿದ್ರೆ ಕೊಕ್ಕಲ್ಲಿ ಎಳೆದು ಚೆಲ್ತಾವೆ."

"ಎಲ್ಲದರ ಬೆನ್ನೂ ಒಂದೇ ಎತ್ತರಾನೇನೇ? ಅಲ್ನೋಡು."

ಮೂಲೆಯಲ್ಲಿ ನೂರಿನ್ನೂರು ಸಣಕಲು ಕೋಳಿಗಳು ಆಗಷ್ಟೇ ಇಳಿದ ಫೀಡರಿಗೆ ಒಂದರ ಮೇಲೊಂದು ಬಿದ್ದು ಮುಕ್ಕುತ್ತಿದ್ದವು. ಬೆಳಿಗ್ಗೆಯೆಲ್ಲ ಅವುಗಳ ಕೊಕ್ಕಿಗೆ ಫೀಡರ್ ಎಟುಕಿರಲೇ ಇಲ್ಲ. ಹಿಡಿಯಲು ಸುಲಭವೆಂದು ಯಾವಾಗಲೂ ಬಾಗಿಲ ಬಳಿಯ ದಪ್ಪ ಕೋಳಿಗಳನ್ನೇ ತೂಗಿದ್ದ ಆಕೆ ಅವುಗಳನ್ನು ಗಮನಿಸಿರಲೂ ಇಲ್ಲ.

ಅಂದೇ ತಗಡು ಅಡ್ಡವಿಟ್ಟು ಸಣ್ಣವನ್ನು ಬೇರೆ ಮಾಡಿದಳು. ಆ ಮೂಲೆಯ ಫೀಡರುಗಳು ಅತ್ತೆ ಹೇಳಿದಷ್ಟು ತಗ್ಗಿಗೆ ಇಳಿದವು. ಉಳಿದವುಗಳ ಹಗ್ಗಕ್ಕೆ, ಅತ್ತೆ ಬಿಚ್ಚಲಾಗದಂಥ ಗಂಟು ಬಿತ್ತು.

ವಾರ ಕಳೆದು ಸೂಪರ್‌ವೈಸರ್ ಶೆಡ್ಡಿನ ಎಲ್ಲ ಮೂಲೆಗಳಿಂದಲೂ ಕೋಳಿ ಹಿಡಿದು ತೂಗಿದ. ಕೊರತೆ ಮೂವತ್ತು ಗ್ರಾಮಿಗೆ ಇಳಿದಿತ್ತು. ಚೀಲವೂ ನಾಲ್ಕಕ್ಕೆ ನಿಂತಿತ್ತು.

"ಮರಿ ಬರುತ್ತೆ ಬಿಡಿ. ಅದೇನು ಕೊಟ್ರಿ ಇದಕ್ಕೆ?"

ಚೆಲ್ಲದೆ ಉಳಿದ ಫೀಡಿನಿಂದ ಬಂದದ್ದೆಷ್ಟು, ಅತ್ತೆಯ ಮೂಲೆಯಿಂದ ಬಂದದ್ದೆಷ್ಟು? ತೂಕದಮ್ಮ ತಕ್ಕಡಿಯನ್ನೇ ದಿಟ್ಟಿಸಿದಳು. ಅದು ಅಷ್ಟನ್ನೆಲ್ಲ ಬಿಡಿಸಿ ಹೇಳುವಂತಿರಲಿಲ್ಲ.

"ಅತ್ತೇನ ಕೇಳಿ" ಎಂದಳು.