ಈಳಿಗೆ ಮುಟ್ಟದ ಮೂರು ವರ್ಷ

ಊರದೇವಿ ದ್ಯಾಮವ್ವನನ್ನು ನಂಬಿ ಬಾಳುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನನ್ನ ಮಗಳು ಗೌರಿ ಹುಟ್ಟಿದಾಗ ಅವಳ ಬಲಗೈಯ ನಡುಬೆರಳೂ ಉಂಗುರದ ಬೆರಳೂ ತುದಿಯವರೆಗೆ ಕೂಡಿಕೊಂಡಿದ್ದವು. ಬಬಲೇಶ್ವರದ ಆಸ್ಪತ್ರೆಯಲ್ಲಿ ನರ್ಸ್ ಬಾಯಿ ಮೊದಲು ಕೂಸಿನ ಮುಖ ತೋರಿಸಿ, ಆಮೇಲೆ ಸಾವಕಾಶವಾಗಿ ಆ ಕೈ ತೋರಿಸಿದರು. 

ನಮ್ಮದು ನಿಡೋಣಿಯ ಒಕ್ಕಲುತನದ ಮನೆ. ಗಂಡ, ಅತ್ತೆ, ನಾನು, ಇಷ್ಟೇ ಮಂದಿ. ಕೂಸಿನ ಕೈ ನೋಡಿದ ಅತ್ತೆಗೆ ಕಾರಣ ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ.

"ಗ್ರಹಣದಾಗ ಈಳಿಗಿ ಮುಟ್ಟಬ್ಯಾಡ ಅಂತ ಬಡಕೊಂಡೆ. ಕೇಳಿದೇನು? ಬದನಿಕಾಯಿ ಹೆಚ್ಚಿದಿ. ಈಗ ಕೂಸು ಅನುಭವಿಸಾಕತ್ತದ ನೋಡು," ಎಂದರು.

ಹೆಚ್ಚಿದ್ದು ನಿಜ. ನಾಲ್ಕೇ ನಾಲ್ಕು ಬದನೆಕಾಯಿ. ಏಳು ತಿಂಗಳ ಬಸುರಿ ನಾನು, ಎಣ್ಣೆಗಾಯಿ ತಿನ್ನುವ ಆಸೆಯಾಗಿತ್ತು. ಎದುರು ಮಾತಾಡುವುದರಲ್ಲಿ ನಾನೇನು ಕಡಿಮೆಯವಳಲ್ಲ, ಆದರೆ ಅಂದು ಅತ್ತೆಯ ಮಾತನ್ನೇ ನಂಬಿದೆ. ಬಾಣಂತನ ಮುಗಿದ ಮೇಲೆ ದ್ಯಾಮವ್ವನ ಗುಡಿಗೆ ಹೋಗಿ ಹರಕೆ ಹೊತ್ತೆ. ಗೌರಿಯ ಬೆರಳು ಬಿಡಿಯಾಗುವ ತನಕ ಈಳಿಗೆ, ಚಾಕು, ಕತ್ತರಿ ಯಾವುದನ್ನೂ ಮುಟ್ಟುವುದಿಲ್ಲ, ಅವಳ ಮೈಗೂ ಅಲಗು ತಾಗಗೊಡುವುದಿಲ್ಲ ಎಂದು ಆಣೆ ಮಾಡಿದೆ.

ಮಾಡಿದ್ದನ್ನು ಮೂರು ವರ್ಷ ನಡೆಸಿದೆ. ಕೈಯಿಂದ ಚಿವುಟಬಹುದಾದ ಪುಂಡಿ, ಮೆಂತ್ಯ, ರಾಜಗಿರಿ ಇವೇ ನಮ್ಮ ಪಲ್ಯಗಳು. ಉಳ್ಳಾಗಡ್ಡಿಯನ್ನು ಗುದ್ದಿ ಒಡೆಯುತ್ತಿದ್ದೆ. ಕೂಸಿನ ಉಗುರನ್ನು ಹಲ್ಲಿನಿಂದ ಕಚ್ಚಿ ತೆಗೆಯುತ್ತಿದ್ದೆ. "ಉಳ್ಳಾಗಡ್ಡಿ ಏನ್ ತಪ್ಪ್ ಮಾಡೇದ ಬೇ?" ಎಂದು ಗಂಡ ನಗಿಸಲು ನೋಡುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ.

ಆರು ತಿಂಗಳಾದಾಗ ವಿಜಯಪುರದ ಡಾಕ್ಟರಿಗೆ ತೋರಿಸಿದ್ದೆವು. "ಎಲುಬು ಕೂಡಿಲ್ರಿ, ಬರೇ ಚರ್ಮ ಕೂಡೇದ. ದೀಡ್ ವರ್ಷಕ್ಕ, ಹದಿನೆಂಟ್ ತಿಂಗಳಿಗೆ ಕರಕೊಂಡು ಬರ್ರಿ, ಆಪರೇಷನ್ ಮಾಡಿ ಬಿಡಿಸೂಣು," ಎಂದಿದ್ದರು. ಆಪರೇಷನ್ ಎಂದರೆ ಅಲಗೇ ಅಲ್ಲವೇ? ಅವರು ಕೊಟ್ಟ ದಿನ ಬಂದಾಗ ಕೂಸಿಗೆ ಜ್ವರ ಎಂದು ಗಂಡನಿಗೆ ಸುಳ್ಳು ಹೇಳಿದೆ. ಎರಡನೆಯ ಸಲವೂ ಹೇಳಿದೆ. ದಿನಾ ಸ್ನಾನವಾದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಆ ಎರಡು ಬೆರಳ ನಡುವೆ ನೀವುತ್ತ ಕೂರುತ್ತಿದ್ದೆ. ಒಂದು ಕೂದಲೆಳೆಯಷ್ಟೂ ಬಿರಿಯಲಿಲ್ಲ.

ಮೂರು ತುಂಬುವ ಹೊತ್ತಿಗೆ, ಒಂದು ಮಧ್ಯಾಹ್ನ ಗೌರಿ ರೊಟ್ಟಿ ಮುರಿಯಲು ಹೆಣಗುವಾಗ ನೋಡಿದೆ. ಉದ್ದನೆಯ ನಡುಬೆರಳು ಗಿಡ್ಡನೆಯ ಉಂಗುರದ ಬೆರಳಿನ ಕಡೆಗೆ ಬಾಗತೊಡಗಿತ್ತು.  ಅಲಗು ತಾಗಿಸಿದರೆ ಆಣೆ ಮುರಿಯುತ್ತದೆ, ಬಿಟ್ಟರೆ ಬೆರಳು ಸೊಟ್ಟಾಗುತ್ತದೆ. ಆ ಶುಕ್ರವಾರ ಗುಡಿಯಲ್ಲಿ ನಾನು ಬೆರಳು ಬಿಡಿಯಾಗಲಿ ಎಂದೂ ಬೇಡಲಿಲ್ಲ. "ಅವ್ವಾ, ಇದು ನನ್ನ ತಪ್ಪೋ ಅಲ್ಲೋ, ಅದೊಂದನ್ನ ಯಾರ ಬಾಯಿಂದರೆ ಹೇಳಸು," ಎಂದು ಹಣೆ ಹಚ್ಚಿ ಕಣ್ಣೀರು ಹಾಕಿದೆ.

ಶ್ರಾವಣದಲ್ಲಿ ಗಂಡ ನನ್ನ ಮಾತು ಕೇಳದೆ ಅತ್ತೆಯನ್ನೂ ಸೇರಿಸಿ ಎಲ್ಲರನ್ನೂ ವಿಜಯಪುರದ ಬಸ್ಸು ಹತ್ತಿಸಿದ. ಬಬಲೇಶ್ವರದಲ್ಲಿ ಸಂತೆಯ ಮಂದಿ ಹತ್ತಿ ನಿಲ್ಲಲು ಜಾಗವಿರಲಿಲ್ಲ. ವಿಜಯಪುರದವರೆಗೆ ಗೌರಿಯ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡೇ ಹೋದೆ.

ಡಾಕ್ಟರು ಬೆರಳು ನೋಡಿ ಬೈದರು. "ಇಷ್ಟ್ ತಡಾ ಮಾಡ್ತಾರೇನ್ರಿ? ಇನ್ನ ಬಿಟ್ರ ಸೊಟ್ಟನ ಉಳೀತದ. ಸಹಿ ಮಾಡ್ರಿ."

"ಒಲ್ಲೆರಿ," ಎಂದೆ. ಗ್ರಹಣ, ಬದನೆಕಾಯಿ, ಹರಕೆ ಎಲ್ಲವನ್ನೂ ಅಳುತ್ತ ಹೇಳಿದೆ. ಗಂಡ ಸಿಟ್ಟಿನಿಂದ ಗೋಡೆಗೆ ಮುಖ ತಿರುಗಿಸಿ ನಿಂತ.

ಡಾಕ್ಟರು ದನಿ ತಗ್ಗಿಸಿ ಕೇಳಿದರು. "ಮನ್ಯಾಗ ಮತ್ತ ಯಾರಿಗರೆ ಹಿಂಗ ಅದ ಏನ್ರಿ? ಕೈಯಾಗ, ಕಾಲಾಗ?"

"ಯಾರಿಗೂ ಇಲ್ರಿ," ಎಂದ ಗಂಡ.

ಅತ್ತೆ ಮುಂದೆ ಬಂದರು. ಸ್ಟೂಲಿನ ಮೇಲೆ ಕೂತು, ಚಪ್ಪಲಿ ಬಿಟ್ಟು, ಸೀರೆಯ ಅಂಚು ಎತ್ತಿದರು. ಕಾಲಿನ ಹೆಬ್ಬೆರಳ ಪಕ್ಕದ ಎರಡು ಬೆರಳು ಅರ್ಧದವರೆಗೆ ಕೂಡಿದ್ದವು. ಹಬ್ಬಹಬ್ಬಕ್ಕೂ ಮುಟ್ಟಿ ನಮಸ್ಕರಿಸಿದ ಕಾಲು, ಆದರೆ ಬೆರಳ ಸಂದಿಯನ್ನು ಯಾರು ನೋಡುತ್ತಾರೆ? ಮಾವ ಇದ್ದಾಗ ಅವರು ಹೆಬ್ಬೆರಳಿಗೆ ಕಾಲುಂಗುರ ಹಾಕುತ್ತಿದ್ದುದನ್ನು ನಾನು ಅವರ ತವರಿನ ಪದ್ಧತಿ ಎಂದುಕೊಂಡಿದ್ದೆ.

"ಹುಟ್ಟಿದಾಗಿಂದ ಹಿಂಗ ಅದಾವ್ರಿ," ಎಂದರು ಅತ್ತೆ. "ಲಗ್ನದಾಗ ಕಾಲುಂಗರ ಸೇರಲಿಲ್ಲ, ಹೆಬ್ಬಟ್ಟಿಗಿ ಹಾಕಿದ್ರು. ಯಾರ ಮುಂದೂ ಹೇಳಬ್ಯಾಡ ಅಂದಿದ್ಲು ನಮ್ಮವ್ವ."

"ಇದು ವಂಶದಾಗ ಬರತದ ಯವ್ವಾ," ಎಂದರು ಡಾಕ್ಟರು. "ಕೂಸಿನ ಬೆರಳ ಬಿಡಿ ಆಗೂದು ಬಸಿರಿನ ಎರಡು ಮೂರು ತಿಂಗಳದಾಗ. ಏಳನೇ ತಿಂಗಳದಾಗ ಬದನಿಕಾಯಿ ಹೆಚ್ಚಿದ್ರ ಏನ್ ಆಗತದ?"

ಅತ್ತೆ ನನ್ನ ಕಡೆ ತಿರುಗಿದರು. ಕಣ್ಣಿಗೆ ಕಣ್ಣು ಕೊಡಲಾಗಲಿಲ್ಲ ಅವರಿಗೆ. "ನಿಂದೇನ್ ತಪ್ಪಿಲ್ಲ ಶಾಂತಾ. ಹರಕಿ ಮುರದ ಪಾಪ ನನ್ನ ತಲಿ ಮ್ಯಾಲ ಇರಲಿ. ಸಹಿ ಮಾಡು."

ಗುಡಿಯಲ್ಲಿ ನಾನು ಬೇಡಿದ್ದು ಇದೇ ಮಾತು. ಯಾವ ಬಾಯಿ ನನ್ನನ್ನು ಮೂರು ವರ್ಷ ಚುಚ್ಚಿತ್ತೋ ಅದೇ ಬಾಯಿಂದ ದ್ಯಾಮವ್ವ ಹೇಳಿಸಿದಳು. ಸಹಿ ಹಾಕಿದೆ.

ಆಪರೇಷನ್ ನಡೆದಷ್ಟು ಹೊತ್ತು ನಾನೂ ಅತ್ತೆಯೂ ಬಾಗಿಲ ಹೊರಗೆ ಒಂದೇ ಬೆಂಚಿನ ಮೇಲೆ ಕೂತಿದ್ದೆವು. ಇನ್ನು ನನ್ನ ಕೈಯಲ್ಲಿ ಮಾಡುವುದೇನೂ ಇರಲಿಲ್ಲ, ಅವರ ಕೈಯಲ್ಲೂ ಇರಲಿಲ್ಲ. ಡಾಕ್ಟರು ಗೌರಿಯ ತೊಡೆಯ ಸಂದಿಯಿಂದ ಚರ್ಮ ತೆಗೆದು ಬೆರಳಿನ ನಡುವೆ ಕೂಡಿಸಿದರು. ಕೆಲವು ವಾರ ಕಳೆದು ಪಟ್ಟಿ ಬಿಚ್ಚಿದಾಗ ಗೌರಿ ಅತ್ತಳು. ಅಳುತ್ತಲೇ ಒಂದು ಬೆರಳನ್ನು ಮಾತ್ರ ಅಲ್ಲಾಡಿಸಿದಳು. ಪಕ್ಕದ ಬೆರಳು ಸುಮ್ಮನಿತ್ತು. ಅಳು ನಿಲ್ಲಿಸಿ ಅದನ್ನೇ ನೋಡಿದಳು.

ಮುಂದಿನ ಶುಕ್ರವಾರ ದ್ಯಾಮವ್ವನಿಗೆ ಉಡಿ ತುಂಬಲು ಗುಡಿಗೆ ಹೋದೆವು. ನೆರೆದ ಹೆಣ್ಣುಮಕ್ಕಳೆಲ್ಲರ ಮುಂದೆ ಅತ್ತೆ ಕೈಮುಗಿದು, "ಯವ್ವಾ, ನನ್ನ ಸೊಸಿಗಿ ಅಂದದ್ದೆಲ್ಲಾ ಸುಳ್ಳು," ಎಂದು ಗಟ್ಟಿಯಾಗಿ ಹೇಳಿದರು. ಅಂದು ಅತ್ತಷ್ಟು ನಾನು ಹೆರಿಗೆಯಲ್ಲೂ ಅತ್ತಿರಲಿಲ್ಲ.

ಈಗ ಗೌರಿ ಎರಡೂ ಕೈಯಿಂದ ರೊಟ್ಟಿ ಮುರಿಯುತ್ತಾಳೆ. ಆದರೂ ನಡುಬೆರಳು ತುದಿಯಲ್ಲಿ ಒಂಚೂರು ಬಾಗಿದೆ. ದೀಡ್ ವರ್ಷಕ್ಕೇ ಬಂದಿದ್ದರೆ ಹೀಗಾಗುತ್ತಿರಲಿಲ್ಲ ಎಂದರು ಡಾಕ್ಟರು. ನಂಬಿದವರನ್ನು ಅವ್ವ ಕೈಬಿಡುವುದಿಲ್ಲ, ಇದು ನನಗೆ ಖಾತ್ರಿಯಾಗಿದೆ. ನಿಮ್ಮ ಮನೆಯಲ್ಲೂ ಇಂಥ ಕೂಸಿದ್ದರೆ ಅವ್ವನ ಮುಂದೆ ಬೇಕಾದಷ್ಟು ಅಳಿರಿ, ಡಾಕ್ಟರು ಹೇಳಿದ ದಿನ ಮಾತ್ರ ತಪ್ಪಿಸಬೇಡಿರಿ. ಬೆರಳು ಕೂಡಿದ್ದು ನನ್ನ ತಪ್ಪಲ್ಲ. ತಡ ಮಾಡಿದ್ದು ನಾನೇ. ಅದನ್ನೂ ಅವ್ವನಿಗೆ ಹೇಳಿದ್ದೇನೆ, ಗೌರಿ ದೊಡ್ಡವಳಾದ ಮೇಲೆ ಅವಳಿಗೂ ಹೇಳುತ್ತೇನೆ.